ಬಾನೆಟ್ ಎತ್ತಿದರೆ ಎಲ್ಲರೂ ತಜ್ಞರೇ

ಕಾರು ರಸ್ತೆ ಬದಿಯಲ್ಲಿ ಸುಮ್ಮನೆ ನಿಂತಿದ್ದರೆ ಯಾರೂ ತಿರುಗಿ ನೋಡುವುದಿಲ್ಲ. ಅದೇ ಕಾರಿನ ಬಾನೆಟ್ ಎತ್ತಿ, ಒಳಗಿನಿಂದ ಒಂದಿಷ್ಟು ಹಬೆ ಎದ್ದಿತೋ, ನೋಡನೋಡುತ್ತಲೇ ಅಲ್ಲೊಂದು ವಿಚಾರ ಸಂಕಿರಣ ನೆರೆಯುತ್ತದೆ. ನನ್ನ ಕಾರಿನ ದಯೆಯಿಂದ ಅಂಥ ಹಲವು ಸಂಕಿರಣಗಳ ಅಧ್ಯಕ್ಷತೆ ನನಗೆ ಒಲಿದು ಬಂದಿದೆ. ಅಧ್ಯಕ್ಷನಾದ್ದರಿಂದ ಬಾಯಿ ಬಿಡುವ ಸರದಿ ಕೊನೆಗೇ ಬರುತ್ತದೆ, ಅದೂ ಸಭಿಕರೆಲ್ಲ ಎದ್ದು ಹೋದ ಮೇಲೆ.

ಮೊದಲ ಉಪನ್ಯಾಸ ಯಾವಾಗಲೂ ಥರ್ಮೋಸ್ಟಾಟ್ ಕುರಿತದ್ದು. "ಅದನ್ನು ಕಿತ್ತು ಬಿಸಾಡಿ, ಎಲ್ಲ ಸರಿಹೋಗುತ್ತದೆ" ಎನ್ನುವವರು ಎಲ್ಲಿಂದಲಾದರೂ ಹಾಜರಾಗುತ್ತಾರೆ. ನಾನು ಕೇಳಿದ ಸಲಹೆಗಳಲ್ಲಿ ಇದಕ್ಕಿಂತ ಜನಪ್ರಿಯವಾದದ್ದೂ ಇಲ್ಲ, ಕೆಟ್ಟದ್ದೂ ಇಲ್ಲ. ಎಂಜಿನ್ ಎಂಬುದು 90 ಡಿಗ್ರಿಯ ಆಸುಪಾಸಿನಲ್ಲಿ ದುಡಿಯಲೆಂದೇ ಹುಟ್ಟಿದ ಪ್ರಾಣಿ. ಆ ಬಿಸಿ ಏರುವವರೆಗೆ ಕೂಲೆಂಟನ್ನು, ಅಂದರೆ ಎಂಜಿನ್ನಿನ ಬಿಸಿ ಹೊತ್ತೊಯ್ಯುವ ದ್ರವವನ್ನು, ಅದನ್ನು ತಣಿಸುವ ರೇಡಿಯೇಟರಿಗೆ ಬಿಡದೆ ತಡೆದು ನಿಲ್ಲಿಸುವುದೇ ಥರ್ಮೋಸ್ಟಾಟಿನ ಕೆಲಸ. ಕಿತ್ತು ಬಿಸಾಡಿದರೆ ಎಂಜಿನ್ ತಡವಾಗಿ ಬಿಸಿಯಾಗುತ್ತದೆ, ಇಂಧನ ಹೆಚ್ಚು ಕುಡಿಯುತ್ತದೆ. ಸೋರಿಕೆಯಿದ್ದರೆ ಅದು ತನ್ನ ಪಾಡಿಗೆ ಸೋರುತ್ತಲೇ ಇರುತ್ತದೆ.

ನಮ್ಮ ಭಾವ ಮಾತ್ರ ಇಂಥ ಚಿಲ್ಲರೆ ರೋಗಗಳಿಗೆ ಇಳಿಯುವವರಲ್ಲ. ಅವರದು ಏನಿದ್ದರೂ, ಎಂಜಿನ್ನಿನ ತಲೆಗೂ ಒಡಲಿಗೂ ನಡುವೆ ಕುಳಿತು ಕೂಲೆಂಟ್ ಮತ್ತು ಎಣ್ಣೆ ಬೆರೆಯದಂತೆ ತಡೆಯುವ ತೆಳು ಹಾಳೆ, ಹೆಡ್ ಗ್ಯಾಸ್ಕೆಟ್. ಆ ಎರಡು ಪದಗಳನ್ನು ಉಚ್ಚರಿಸುವಾಗ ಅವರ ದನಿ ತಾನಾಗಿ ತಗ್ಗುತ್ತದೆ, ಕೈ ನನ್ನ ಹೆಗಲ ಮೇಲೆ ಬರುತ್ತದೆ. ಎಣ್ಣೆಯ ಕಡ್ಡಿ ಎಳೆದು ತೋರಿಸಿದೆ. ಗ್ಯಾಸ್ಕೆಟ್ ಸೀಳಿ ನೀರು ಬೆರೆತಿದ್ದರೆ ಎಣ್ಣೆ ಕದಡಿ ಬಿಳಿಚಿಕೊಂಡಿರಬೇಕಿತ್ತು, ಇದು ಸ್ವಚ್ಛವಾಗಿತ್ತು. ಹೊಗೆ ಕೊಳವೆಯಲ್ಲಿ ಬಿಳಿ ಹೊಗೆಯೂ ಇರಲಿಲ್ಲ. "ಈಗ ಇಲ್ಲ, ಮುಂದೆ ಬರುತ್ತದೆ" ಎಂದರು ಭಾವ.

ಅಷ್ಟಕ್ಕೇ ಬಿಡದೆ, ಇನ್ನೂ ಕುದಿಯುತ್ತಿದ್ದ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಲು ಹೋದರು. ನಾನು ಹಾರಿ ಹಿಡಿದುಕೊಂಡೆ. ಆ ಮುಚ್ಚಳ ಒಳಗಿನ ದ್ರವವನ್ನು ಸುಮಾರು 1 ಬಾರ್ ಹೆಚ್ಚುವರಿ ಒತ್ತಡದಲ್ಲಿ ಅದುಮಿ ಹಿಡಿದಿರುತ್ತದೆ. ಅದರಿಂದಾಗಿಯೇ ಅರ್ಧ ನೀರು, ಅರ್ಧ ಗ್ಲೈಕಾಲ್ ಬೆರೆಸಿದ ಕೂಲೆಂಟ್ 125 ಡಿಗ್ರಿಯ ಹತ್ತಿರ ಹೋದರೂ ಕುದಿಯದೆ ಇರುವುದು. ಮುಚ್ಚಳ ತಿರುವಿದಿರೋ, ಒತ್ತಡ ಮಾಯ. ಇಡೀ ದ್ರವ ಆ ಕ್ಷಣವೇ ಕುದಿದು ಮುಖಕ್ಕೆ ಚಿಮ್ಮುತ್ತದೆ. "ಭಾವ, ಆಮೇಲೆ ಅಕ್ಕ ನಿಮ್ಮನ್ನು ಗುರುತು ಹಿಡಿಯಬೇಕಲ್ಲ" ಎಂದಾಗ ಕೈ ಹಿಂದಕ್ಕೆ ಬಂತು.

ಇಷ್ಟೆಲ್ಲ ರಾದ್ಧಾಂತ ನಡೆಯುವಾಗ ಡ್ಯಾಶ್‌ಬೋರ್ಡಿನ ಮುಳ್ಳು ಏನು ಮಾಡುತ್ತಿತ್ತು? ಏನೂ ಆಗಿಲ್ಲವೆಂಬಂತೆ ನಟ್ಟನಡುವೆ ಕುಳಿತಿತ್ತು. ಬಹಳಷ್ಟು ಕಾರುಗಳಲ್ಲಿ ಅದನ್ನು ರೂಪಿಸಿರುವುದೇ ಹಾಗೆ. ತಾಪ ಸ್ವಲ್ಪ ಏರಿಳಿದರೆ ಮಾಲೀಕರು ಗಾಬರಿಯಾಗಿ ಗ್ಯಾರೇಜಿಗೆ ಓಡಿ ಬರುತ್ತಾರೆಂದು, ಸಾಕಷ್ಟು ದೊಡ್ಡ ವ್ಯಾಪ್ತಿಯವರೆಗೆ ಮುಳ್ಳು ಅಲುಗಾಡದಂತೆ ಮಾಡಿರುತ್ತಾರೆ. ಸಾಲದ್ದಕ್ಕೆ, ಕೂಲೆಂಟ್ ತೀರಾ ಇಳಿದರೆ ತಾಪ ಅಳೆಯುವ ಸೆನ್ಸರ್ ದ್ರವದಲ್ಲಿ ಮುಳುಗಿರುವುದು ಬಿಟ್ಟು ಬರೀ ಹಬೆಯಲ್ಲಿ ನೇತಾಡುತ್ತದೆ. ಎಂಜಿನ್ ಬೇಯುತ್ತಿದ್ದರೂ ಮುಳ್ಳು ತಣ್ಣಗಿದೆ ಎನ್ನಬಹುದು. ನನಗೆ ಸತ್ಯ ಹೇಳಿದ್ದು ಹೀಟರ್. ಗುಂಡಿ ಕೆಂಪಿನ ಕೊನೆಗೆ ತಿರುಗಿಸಿದರೂ ತಣ್ಣನೆಯ ಗಾಳಿ ಬೀಸಿತು. ಹೀಟರಿಗೆ ಬಿಸಿ ತಲುಪಿಸುವುದು ಇದೇ ಕೂಲೆಂಟ್. ಅದೇ ಇಲ್ಲವೆಂದ ಮೇಲೆ ಬಿಸಿ ಎಲ್ಲಿಂದ ಬರಬೇಕು?

ಸರಿ, ಸೋರುತ್ತಿದೆ. ಎಲ್ಲಿಂದ? ಬೆಳಿಗ್ಗೆ ಎದ್ದು ನೋಡಿದರೆ ಕಾರಿನಡಿಯ ನೆಲ ಒಣಗಿರುತ್ತಿತ್ತು. ಒಂದು ದಿನ ಮಾತ್ರ ಸಣ್ಣ ಮಡು ಕಂಡಿತು. ಪಕ್ಕದ ಮನೆಯವರು ಬೆರಳು ಅದ್ದಿ, ಮೂಸಿ, ನಾಲಿಗೆಯತ್ತ ಒಯ್ಯುವಷ್ಟರಲ್ಲಿ ತಡೆದೆ. ಕೂಲೆಂಟಿನ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಒಳಗೆ ಹೋದರೆ ವಿಷ. ಚೆಲ್ಲಿದ್ದನ್ನು ನೆಕ್ಕಿದ ನಾಯಿ ಬೆಕ್ಕುಗಳು ಬದುಕುವುದೇ ಕಷ್ಟ. ಅವರ ಅದೃಷ್ಟಕ್ಕೆ ಅದು ಏಸಿಯಿಂದ ತೊಟ್ಟಿಕ್ಕಿದ ಬರೀ ನೀರು, ಬಣ್ಣವಿಲ್ಲ, ಜಿಡ್ಡಿಲ್ಲ.

ಕೊನೆಗೆ ಸಿಕ್ಕ ಮೆಕ್ಯಾನಿಕ್ ಒಬ್ಬ ಮಿತಭಾಷಿ. ನಾವು ನಮ್ಮ ಸಿದ್ಧಾಂತಗಳನ್ನೆಲ್ಲ ಮಂಡಿಸಿ ಮುಗಿಸುವವರೆಗೂ ಕೈ ಒರೆಸುತ್ತ ನಿಂತಿದ್ದ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮುಚ್ಚಳ ತೆಗೆದು, ಆ ಜಾಗಕ್ಕೆ ಮೀಟರ್ ಇರುವ ಕೈಪಂಪೊಂದನ್ನು ಬಿಗಿದ. ಮುಚ್ಚಳದ ಮೇಲೆ ಅಚ್ಚಾಗಿದ್ದ ಒತ್ತಡದಷ್ಟೇ ಗಾಳಿ ತುಂಬಿ, ಬೇರೆ ಕಾರಿನ ಚಕ್ರ ಬಿಚ್ಚಲು ಹೋದ. ಮೀಟರಿನ ಮುಳ್ಳು ನಮ್ಮ ಕಣ್ಣೆದುರೇ ನಿಧಾನವಾಗಿ ಇಳಿಯತೊಡಗಿತು. ಒತ್ತಡವಿದ್ದಾಗ ಮಾತ್ರ ಸೋರುವ, ಬಿಸಿ ಲೋಹಕ್ಕೆ ಬಿದ್ದು ಆವಿಯಾಗುವ ಕಳ್ಳನನ್ನು ಹಿಡಿಯಲು ತಣ್ಣನೆಯ ಎಂಜಿನ್ನಿಗೆ ಒತ್ತಡ ಕೊಡುವುದೇ ದಾರಿ ಎಂದು ಅವನು ವಿವರಿಸಲಿಲ್ಲ. ಟಾರ್ಚ್ ಮತ್ತು ಸಣ್ಣ ಕನ್ನಡಿ ಹಿಡಿದು ಒಳಗೆ ಬಗ್ಗಿದ, ಅಷ್ಟೇ.

ಕನ್ನಡಿಯಲ್ಲಿ, ಕೂಲೆಂಟನ್ನು ಎಂಜಿನ್ನಿನೊಳಗೆ ಸುತ್ತಿಸುವ ವಾಟರ್ ಪಂಪಿನ ತಳ ಕಂಡಿತು. ಪೆನ್ಸಿಲ್ ತುದಿಯಷ್ಟು ಅಗಲದ ತೂತು, ಅದರ ಕೆಳಗೆ ಗುಲಾಬಿ ಬಣ್ಣದ ಒಣಗಿದ ಪೊರೆ, ಪೊರೆಯ ಅಂಚಿನಲ್ಲಿ ಬೀಳಲೋ ಬೇಡವೋ ಎನ್ನುತ್ತಿದ್ದ ಒಂದು ಹನಿ. ಇಷ್ಟಕ್ಕೆ ಇಷ್ಟು ಸಂಕಿರಣಗಳು ಬೇಕಾದವು.

"ತೂತು ಬಿದ್ದಿದೆ, ಒಂದಿಷ್ಟು ಅಂಟು ಮೆತ್ತಿ ಮುಚ್ಚಿಬಿಡು" ಎಂದರು ಭಾವ.

"ಅದು ಬಿದ್ದ ತೂತಲ್ಲ ಸಾರ್, ತಯಾರಿಸುವಾಗಲೇ ಇಟ್ಟದ್ದು. ಒಳಗಿನ ಸೀಲ್ ಸವೆದರೆ ನೀರು ಬೇರಿಂಗಿಗೆ ನುಗ್ಗದೆ ಹೊರಗೆ ಬರಲಿ ಎಂದು. ಮುಚ್ಚಿದರೆ ಬೇರಿಂಗೂ ಹೋಗುತ್ತದೆ."

ಅವನು ಆಡಿದ ಅತಿ ದೀರ್ಘ ಮಾತು ಅದೇ. ಪಂಪ್ ಬದಲಾಯಿತು, ಹೊಸ ಕೂಲೆಂಟ್ ಬಿತ್ತು, ಹೀಟರ್ ಪೂರ್ತಿ ಹಾಕಿ ಎಂಜಿನ್ ಓಡಿಸಿ ಒಳಗಿನ ಗಾಳಿಗುಳ್ಳೆಗಳನ್ನು ಹೊರಗೆ ಕಳಿಸಿದ್ದಾಯಿತು. ಮರುದಿನ ನೋಡಿದರೆ ಟ್ಯಾಂಕಿನಲ್ಲಿ ಮಟ್ಟ ಬೆರಳಿನಷ್ಟು ಇಳಿದಿತ್ತು. ನನಗಿಂತ ಮೊದಲೇ ಬಾನೆಟ್ ಎತ್ತಿದ್ದ ಭಾವ, ನನ್ನ ಹೆಗಲ ಮೇಲೆ ಕೈಯಿಟ್ಟು, "ನಾನು ಹೇಳಿರಲಿಲ್ಲವೇ" ಎಂದರು. ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಉಳಿದಿದ್ದ ಗಾಳಿ ಹೊರಗೆ ಹೋಗಿದೆ, ಗುರುತಿನವರೆಗೆ ತುಂಬಿ ಎಂದ. ತುಂಬಿದೆ. ಆಮೇಲೆ ಮಟ್ಟ ಇಳಿಯಲೇ ಇಲ್ಲ. ಭಾವ ಈಗಲೂ ವಾರಕ್ಕೊಮ್ಮೆ ಬಂದು ಎಣ್ಣೆಯ ಕಡ್ಡಿ ಎಳೆದು ನೋಡುತ್ತಾರೆ, ಬಿಳಿಚಿಕೊಂಡಿಲ್ಲವೆಂದು ಬೇಸರದಿಂದ ವಾಪಸ್ ಸಿಕ್ಕಿಸುತ್ತಾರೆ.