ಚುಕ್ಕೆ ಇಲ್ಲದ ಯುಲಿಸಿಸ್

ಹೋದ ವಾರ ಲಗ್ನಪತ್ರಿಕೆಯ ಪ್ರೂಫ್ ನೋಡೋಕೆ ಬಂದ ಹುಡುಗ ನನ್ನ ಟೇಬಲ್ ಮೇಲಿದ್ದ ದಪ್ಪ ಪುಸ್ತಕ ಎತ್ತಿ ನೋಡಿದ. ಐರ್ಲೆಂಡಿನ ಜೇಮ್ಸ್ ಜಾಯ್ಸ್ ಬರೆದ ಇಂಗ್ಲಿಷ್ ಕಾದಂಬರಿ ಅದು. ‘ಅಣ್ಣಾ, ಯುಲಿಸಿಸ್ ಓದ್ತೀರಾ? ನಾನೂ ತಗೋಬೇಕು ಅಂತಿದ್ದೆ. ಆನ್‌ಲೈನ್‌ನಲ್ಲಿ ಹತ್ತಾರು ಥರ ಇವೆ. ಯಾವುದು ತರಿಸ್ಲಿ?’ ಅಂದ. ಮದುವೆ ಸೀಸನ್, ಗಿರಾಕಿಗಳು ಕಾಯುತ್ತಿದ್ದರು. ಆಮೇಲೆ ಹೇಳ್ತೀನಿ ಅಂದೆ. ಆ ‘ಆಮೇಲೆ’ ಇದು.

ಮೊದಲು ನಾನು ಕೈ ಸುಟ್ಟುಕೊಂಡ ಕಥೆ. ಅಗ್ಗಕ್ಕೆ ಸಿಕ್ಕಿತು ಅಂತ ಒಂದು ಪ್ರತಿ ತರಿಸಿದ್ದೆ. ಯಾವ ಹಳೇ ಮುದ್ರಣ ನೋಡಿ ಅಚ್ಚು ಹಾಕಿದ್ದು ಅಂತ ಒಂದು ಸಾಲೂ ಅದರಲ್ಲಿಲ್ಲ. ಹದಿನೇಳನೇ ಅಧ್ಯಾಯ ಪೂರ್ತಿ ಪ್ರಶ್ನೋತ್ತರ. ಕೊನೆಯ ಪ್ರಶ್ನೆ ‘ಎಲ್ಲಿ?’ ಅಂತ. ಉತ್ತರ ಒಂದು ದಪ್ಪ ಕಪ್ಪು ಚುಕ್ಕೆ. ಅದು ಎದ್ದು ಕಾಣಬೇಕು ಅಂತ ಜಾಯ್ಸ್ ಮುದ್ರಕರಿಗೆ ಒತ್ತಿ ಹೇಳಿದ್ದ. ನನ್ನ ಪ್ರತಿಯಲ್ಲಿ ಚುಕ್ಕೆಯೇ ಇಲ್ಲ. ಮಸಿ ಕಲೆ ಅಂತ ಯಾರೋ ತೆಗೆದಿರಬೇಕು!

ಬಳ್ಳಾರಿಯಲ್ಲಿ ನಮ್ಮಪ್ಪನದು ಅಚ್ಚುಮೊಳೆ ಜೋಡಿಸುವ ಪ್ರೆಸ್ ಇತ್ತು. ತೆಲುಗು ಮಾತ್ರ ಓದಲು ಬರುತ್ತಿದ್ದ ಕಂಪೋಸಿಟರ್ ಒಬ್ಬರಿದ್ದರು. ಕನ್ನಡದ ಕೆಲಸ ಬಂದರೆ ಆಕಾರ ನೋಡಿ ಜೋಡಿಸುತ್ತಿದ್ದರು. ತಲಕಟ್ಟು ಎಡವಟ್ಟಾಗುತ್ತಿತ್ತು, ಆದರೆ ಆ ತಪ್ಪು ಪ್ರೂಫ್‌ನಲ್ಲಿ ತಕ್ಷಣ ಕಣ್ಣಿಗೆ ಬೀಳುತ್ತಿತ್ತು. ಇನ್ನೊಬ್ಬರು ಕನ್ನಡ ಚೆನ್ನಾಗಿ ಓದಿದವರು. ಬರೆದವರದ್ದೇ ತಪ್ಪು ಅಂದುಕೊಂಡು ತಾವೇ ತಿದ್ದಿಬಿಡುತ್ತಿದ್ದರು. ಸಾಲು ನೆಟ್ಟಗೆ ಓದಿಸಿಕೊಂಡು ಹೋಗುತ್ತಿದ್ದರಿಂದ ಅದು ಯಾರಿಗೂ ಸಿಕ್ಕುತ್ತಿರಲಿಲ್ಲ. ಅಪ್ಪನಿಗೆ ಭಯ ಇದ್ದದ್ದು ಇವರ ಬಗ್ಗೆಯೇ.

ಹಾಗಾಗಿ ಈ ಕಾದಂಬರಿಯ ಕಥೆ ನನಗೆ ಮನೆ ಕಥೆ ಇದ್ದಂಗೆ. ಜಾಯ್ಸ್‌ಗೆ ನಲವತ್ತು ತುಂಬಿದ ದಿನ, 1922ರ ಫೆಬ್ರವರಿ 2ರಂದು, ಪ್ಯಾರಿಸ್‌ನಲ್ಲಿ ಪುಸ್ತಕದಂಗಡಿ ಇಟ್ಟಿದ್ದ ಸಿಲ್ವಿಯಾ ಬೀಚ್ ಇದನ್ನು ಹೊರತಂದರು. ಅಚ್ಚಾದದ್ದು ದಿಜೋನ್ ಊರಲ್ಲಿ. ಮೊಳೆ ಜೋಡಿಸಿದವರು ಫ್ರೆಂಚರು, ಇಂಗ್ಲಿಷ್ ಅಷ್ಟಕ್ಕಷ್ಟೇ. ಈ ಪುಣ್ಯಾತ್ಮ ಜಾಯ್ಸ್ ಪ್ರೂಫ್ ಅಂಚಿನಲ್ಲೇ ಪುಸ್ತಕದ ಮೂರನೇ ಒಂದರಷ್ಟು ಹೊಸದಾಗಿ ಬರೆದು ತುಂಬಿಸಿದ. ಅಂಥ ಗಿರಾಕಿ ಅಂದರೆ ಏನು ಅಂತ ಪ್ರೆಸ್ ನಡೆಸಿದವರಿಗೇ ಗೊತ್ತು. ಅಚ್ಚಿನ ತಪ್ಪು ಮನ್ನಿಸಿ ಅಂತ ಪುಸ್ತಕದ ಒಳಗೇ ಹಾಕಬೇಕಾಯಿತು. 1934ರಲ್ಲಿ ಅಮೆರಿಕದ ರ‍್ಯಾಂಡಮ್ ಹೌಸ್ ಗೊತ್ತಿಲ್ಲದೆ ಒಂದು ಕಳ್ಳ ಮುದ್ರಣ ನೋಡಿಕೊಂಡೇ ಅಚ್ಚು ಹಾಕಿತು. ತಪ್ಪಿನ ಮೇಲೆ ತಪ್ಪು.

1984ರಲ್ಲಿ ಹಾನ್ಸ್ ವಾಲ್ಟರ್ ಗೇಬ್ಲರ್ ಎಂಬ ಜರ್ಮನ್ ವಿದ್ವಾಂಸ ಹಸ್ತಪ್ರತಿ, ಪ್ರೂಫ್ ಎಲ್ಲ ಹರಡಿಕೊಂಡು ಸಾವಿರಾರು ಕಡೆ ತಿದ್ದಿದ. ನನಗೆ ಇಷ್ಟವಾದದ್ದು ಒಂದು ಟೆಲಿಗ್ರಾಮ್. ಕಾದಂಬರಿಯ ಪಾತ್ರ ಸ್ಟೀಫನ್‌ಗೆ ಪ್ಯಾರಿಸ್‌ಗೆ ಬಂದದ್ದು: ‘ಮದರ್ ಡೈಯಿಂಗ್ ಕಮ್ ಹೋಮ್ ಫಾದರ್’. ಹಸ್ತಪ್ರತಿಯಲ್ಲಿ ಅದು ‘ನದರ್’. ತಂತಿ ಕಚೇರಿಯ ತಪ್ಪು, ಅದಕ್ಕೇ ಸ್ಟೀಫನ್ ಅದನ್ನು ನಾಲ್ಕು ಜನಕ್ಕೆ ತೋರಿಸುವ ವಿಚಿತ್ರ ಅನ್ನುತ್ತಾನೆ. ಜಾಣರೊಬ್ಬರು ತಿದ್ದಿ ‘ಮದರ್’ ಮಾಡಿದ ಮೇಲೆ ತೋರಿಸೋಕೆ ಏನುಳಿಯಿತು? ಗೇಬ್ಲರ್ ಮತ್ತೆ ‘ನದರ್’ ತಂದ. ಆದರೆ ಅವನೂ ಎಡವಿದ. ಥ್ರಿಫ್ಟ್ ಅನ್ನೋ ನಿಜವಾದ ಸೈಕಲ್ ಪಂದ್ಯಗಾರನ ಹೆಸರು ‘ಶ್ರಿಫ್ಟ್’ ಆಯಿತು. 1988ರಲ್ಲಿ ಜಾನ್ ಕಿಡ್ ಎಂಬ ಅಮೆರಿಕದ ವಿದ್ವಾಂಸ ಅದನ್ನೆಲ್ಲ ಹಿಡಿದು ಜಾಲಾಡಿದ.

ನಮ್ಮಲ್ಲಿ ಪಾಠಾಂತರ (ಪ್ರತಿಯಿಂದ ಪ್ರತಿಗೆ ಸಾಲು ಬೇರೆಯಾಗೋದು) ಅಂದರೆ ಓಲೆಗರಿ ಕಾಲದ ಮಾತು. ಕುಮಾರವ್ಯಾಸನನ್ನು ಕೇಳೋಣ ಅಂದರೆ ಅವನಿಲ್ಲ. ಇಲ್ಲಿ ಬರೆದವನು ಬದುಕಿದ್ದ, ಪ್ರೂಫ್ ತಾನೇ ನೋಡಿದ್ದ, ಆದರೂ ಈ ರಾಮಾಯಣ! ಆದರೆ ಪಾಠಾಂತರ ಬಗೆಹರಿಯಲಿ ಅಂತ ಗದುಗಿನ ಭಾರತ ಕೇಳದೆ ಕೂತವರು ಯಾರಿದ್ದಾರೆ, ಅಲ್ವಾ?

ಅದಕ್ಕೇ ತಮ್ಮಾ, ಶುದ್ಧ ಪಠ್ಯ ಹುಡುಕುತ್ತಾ ಸುಮ್ನೆ ವರ್ಷ ಕಳೀಬೇಡ. ಆಕ್ಸ್‌ಫರ್ಡ್ ವರ್ಲ್ಡ್ಸ್ ಕ್ಲಾಸಿಕ್ಸ್‌ನದು ತಗೋ. 1922ರ ಪುಟಗಳು ತಪ್ಪಿನ ಸಮೇತ ಇವೆ, ಹಿಂದೆ ಜೆರಿ ಜಾನ್ಸನ್ ಬರೆದ ಟಿಪ್ಪಣಿಗಳಿವೆ. ಮೊದಲ ಓದಿಗೆ ಟಿಪ್ಪಣಿ ಇಲ್ಲದೆ ಆಗಲ್ಲ, ನಾನು ಮೂರನೇ ಅಧ್ಯಾಯದಲ್ಲೇ ಎರಡು ಸಲ ಸೋತಿದ್ದೆ. ನಾಲ್ಕು ಜನ ಕೂತು ಓದೋದಾದರೆ ಗೇಬ್ಲರ್ ಪ್ರತಿ ಒಳ್ಳೆಯದು, ಸಾಲಿಗೆ ನಂಬರ್ ಇದೆ. ಅಗ್ಗದ್ದು ಕಂಡರೆ ಮೊದಲು ಚುಕ್ಕೆ ನೋಡು.

ಹಾಂ, ನಿನ್ನ ಲಗ್ನಪತ್ರಿಕೆಯಲ್ಲಿ ಸೋದರಮಾವನ ಹೆಸರು ಎರಡು ಸಲ ಬಂದಿದೆ. ಬೇಕಂತಲೇ ಹಾಕಿಸಿದ್ದೀರೋ ಏನೋ ಅಂತ ನಾನು ಮುಟ್ಟಿಲ್ಲ. ನಾಳೆ ಬಂದು ನೋಡಿ ಹೇಳು. ರಾಯಲ್ ಸರ್ಕಲ್ ಕಡೆಯಿಂದ ಬರೋದಾದರೆ ಒಗ್ಗರಣೆ-ಮಿರ್ಚಿ ಕಟ್ಟಿಸಿಕೊಂಡು ಬಾ.