ಭೋಗ್ಯದ ಮನೆಯೂ ನೋಟರಿಯ ಮೊಹರೂ

ಕುವೆಂಪುನಗರದಲ್ಲಿ ಮೂರು ವರ್ಷಕ್ಕೆಂದು ಭೋಗ್ಯಕ್ಕೆ ಹಾಕಿಕೊಂಡಿದ್ದ ಮನೆಯನ್ನು ಕಳೆದ ತಿಂಗಳು ಖಾಲಿ ಮಾಡಿದೆವು. ಅವಧಿ ಮುಗಿದು ಏಳು ತಿಂಗಳಾದ ಮೇಲೆ ನಮ್ಮ ಎಂಟು ಲಕ್ಷ ರೂಪಾಯಿ ಕೈಗೆ ಬಂದಿತು. ಕೇಳಿದಾಗಲೆಲ್ಲ ಮಾಲೀಕರದು ಒಂದೇ ಮಾತು: "ಮುಂದಿನ ಪಾರ್ಟಿ ಬರಲಿ ಸಾರ್, ಅವರು ಕೊಟ್ಟಿದ್ದನ್ನು ಹಾಗೇ ನಿಮಗೆ ಕೊಡ್ತೀನಿ." ಬಾಡಿಗೆಯಿಲ್ಲದೆ ಏಳು ತಿಂಗಳು ಹೆಚ್ಚಿಗೆ ಇದ್ದಿರಲ್ಲ ಎಂದೂ ಒಮ್ಮೆ ಹೇಳಿದರು. ಅಷ್ಟರಲ್ಲಿ ನಾವು ಬೇರೊಂದು ಮನೆಗೆ ಕೊಟ್ಟಿದ್ದ ಮುಂಗಡ ಹೋಗಿತ್ತು.

ಆಗಲೇ ನಾನು ನಮ್ಮ ಕರಾರನ್ನು ಮೊದಲ ಬಾರಿಗೆ ಪೂರ್ತಿ ಓದಿದ್ದು. ಕೋರ್ಟಿನ ಬಳಿ ಟೈಪ್ ಮಾಡಿಸಿದ ಆ ಪತ್ರದ ಆರನೆಯ ಕಲಮಿನಲ್ಲಿ ಹಿಂದೆ ಇದ್ದವರ ಹೆಸರೇ ಉಳಿದುಕೊಂಡಿತ್ತು. ಹಣವನ್ನು ಯಾವ ದಿನ ಹಿಂದಿರುಗಿಸಬೇಕು, ತಡವಾದರೆ ಬಡ್ಡಿ ಎಷ್ಟು ಎಂಬ ಮಾತೇ ಇರಲಿಲ್ಲ. ನೋಟರಿಯ ಕೆಂಪು ಮೊಹರು ಮಾತ್ರ ಚೆನ್ನಾಗಿ ಮೂಡಿತ್ತು.

ನೋಟರಿ ಮಾಡಿಸಿದರೆ ನೋಂದಣಿ ಮಾಡಿಸಿದಂತೆಯೇ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. 1908ರ ನೋಂದಣಿ ಕಾಯ್ದೆಯ 17ನೇ ಕಲಮಿನ ಪ್ರಕಾರ ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯ ಪತ್ರವನ್ನು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಬಾಡಿಗೆ ಕರಾರುಗಳೆಲ್ಲ ಹನ್ನೊಂದು ತಿಂಗಳಿಗೇ ನಿಲ್ಲುವುದು ಈ ಕಾರಣಕ್ಕೆ. ಮೂರು ವರ್ಷದ ಭೋಗ್ಯಕ್ಕೆ ಆ ದಾರಿಯೂ ಇಲ್ಲ. ನೋಂದಣಿಯಾಗದ ಪತ್ರವನ್ನು ಗುತ್ತಿಗೆಯ ಷರತ್ತುಗಳಿಗೆ ಸಾಕ್ಷ್ಯವಾಗಿ ನ್ಯಾಯಾಲಯ ಒಪ್ಪುವುದಿಲ್ಲವೆಂದು ಅದೇ ಕಾಯ್ದೆಯ 49ನೇ ಕಲಮು ಹೇಳುತ್ತದೆ. ಹಣ ಕೊಟ್ಟದ್ದನ್ನು ಬ್ಯಾಂಕ್ ದಾಖಲೆಯಿಂದ ತೋರಿಸಬಹುದು, ನಿಜ. ಆದರೆ ಮನೆಯ ಮೇಲಿನ ಹಕ್ಕನ್ನು ತೋರಿಸಲು ಕೈಯಲ್ಲಿ ಏನು ಉಳಿಯುತ್ತದೆ? ಮನೆ ಮೊದಲೇ ಬ್ಯಾಂಕಿಗೆ ಅಡವಾಗಿದ್ದು ಮಾಲೀಕರು ಸಾಲದ ಕಂತು ಕಟ್ಟದೆ ಹೋದರಂತೂ ಭೋಗ್ಯದವರ ಪಾಡು ಇನ್ನೂ ಕಷ್ಟ. ಆಸ್ತಿಯ ಮೇಲೆ ದಾಖಲಾದ ಅಡವು, ಸಾಲಗಳನ್ನು ತೋರಿಸುವ ಋಣಭಾರ ಪತ್ರವನ್ನು ತೆಗೆಸಿ ನೋಡುವುದಕ್ಕೆ ನಾವೂ ಅಂದು ಸಂಕೋಚಪಟ್ಟಿದ್ದೆವು.

ಕೇಂದ್ರ ಸರ್ಕಾರ 2021ರಲ್ಲಿ ರೂಪಿಸಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳುವಂತಿಲ್ಲ, ಮನೆ ವಶಕ್ಕೆ ಬಂದ ದಿನವೇ ಅದನ್ನು ಹಿಂದಿರುಗಿಸಬೇಕು. ಅವಧಿ ಮೀರಿ ಕುಳಿತ ಬಾಡಿಗೆದಾರನಿಗೂ ಅದು ಮೊದಲ ಎರಡು ತಿಂಗಳು ದುಪ್ಪಟ್ಟು, ಆಮೇಲೆ ನಾಲ್ಕು ಪಟ್ಟು ಬಾಡಿಗೆ ವಿಧಿಸುತ್ತದೆ. ಅದು ಬರಿಯ ಮಾದರಿ, ರಾಜ್ಯಗಳು ತಾವೇ ಕಾನೂನು ಮಾಡಬೇಕು. ಠೇವಣಿಯ ಮೇಲೆಯೇ ನಿಂತಿರುವ ನಮ್ಮ ಭೋಗ್ಯ ಪದ್ಧತಿಗೆ ಆ ಅಳತೆ ಹೊಂದುವುದೂ ಇಲ್ಲ.

ಈಗಿನ ಮನೆಯ ಮಾಲೀಕರಿಗೆ ನೋಂದಣಿ ಎಂದೊಡನೆ ಮುಖ ಸಣ್ಣದಾಯಿತು. ಖರ್ಚೆಲ್ಲ ನಮ್ಮದೇ ಎಂದ ಮೇಲೆ ಒಪ್ಪಿ, ಬೆರಳಚ್ಚು ಕೊಡಲು ಬಂದರು. ಹಣ ಕೊಡುವ ತನಕ ಬೀಗದ ಕೈ ನಮ್ಮಲ್ಲೇ ಇರುತ್ತದೆಂಬ ಸಾಲನ್ನು ಈ ಬಾರಿ ನಾನೇ ಬರೆಸಿದೆ.