ಅಟ್ಯಾಚ್‌ಮೆಂಟ್ ಓಪನ್ ಆಗ್ಲಿಲ್ಲ ಸ್ವಾಮಿ

ಸುಪ್ರೀಂ ಕೋರ್ಟಲ್ಲಿ ನ್ಯಾಯದೇವತೆಯ ಕಣ್ಣುಪಟ್ಟಿ ಬಿಚ್ಚಿದ್ರಲ್ಲ 2024ರಲ್ಲಿ, ಕತ್ತಿ ಹೋಗಿ ಕೈಗೆ ಸಂವಿಧಾನ ಬಂತು, ಸೀರೆ, ಒಡವೆ, ಕಿರೀಟ ಎಲ್ಲಾ ಆಯ್ತು. ಲಕ್ಷಣವಾಗೇ ಇದಾಳೆ, ದೃಷ್ಟಿ ತೆಗೀಬೇಕು. ಅದೇ ವರ್ಷ ಜುಲೈ 1ಕ್ಕೆ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು, ಇನ್ಮೇಲೆ ಯಾರನ್ನೂ ಫೋರ್ ಟ್ವೆಂಟಿ ಅಂತ ಬೈಯೋ ಹಾಗಿಲ್ಲ, ವಂಚನೆ ಈಗ 318, ಲೇ ಮುನ್ನೂರ ಹದಿನೆಂಟು ಅಂದ್ರೆ ಯಾವನಿಗೆ ನಾಟತ್ತೆ ಹೇಳಿ. ನವೆಂಬರಲ್ಲಿ ಸುಪ್ರೀಂ ಕೋರ್ಟಿನ ಬೇಸಿಗೆ ರಜೆಗೂ ನಾಮಕರಣ ಆಯ್ತು, ‘ಭಾಗಶಃ ಕೆಲಸದ ದಿನಗಳು’ ಅಂತ. ನಾನೂ ಇನ್ಮೇಲೆ ಮಧ್ಯಾಹ್ನ ಮಲಗಲ್ಲ, ಭಾಗಶಃ ಎಚ್ಚರ ಇರ್ತೀನಿ.

ಈ ಅಲಂಕಾರ ನೋಡಿದಾಗೆಲ್ಲ ನಂಗೆ ಗುಜರಾತಿನ ಆ ಈಮೇಲ್ ನೆನಪಾಗತ್ತೆ. 2020ರಲ್ಲಿ ಹೈಕೋರ್ಟ್ ಒಬ್ಬನ ಶಿಕ್ಷೆ ಅಮಾನತು ಮಾಡಿ ಜಾಮೀನು ಕೊಡ್ತು, ಕೋರ್ಟಿನ ಕಚೇರಿಯೋರು, ಅಂದ್ರೆ ರಿಜಿಸ್ಟ್ರಿಯೋರು, ಜೈಲಿಗೆ ಮೇಲ್ ಹಾಕಿದ್ರು, ಮೇಲ್ ಹೋಗಿ ಮುಟ್ಟಿತು ಕೂಡ. ಅಟ್ಯಾಚ್‌ಮೆಂಟ್ ಓಪನ್ ಆಗ್ಲಿಲ್ವಂತೆ. 2023ರ ತನಕ ಮನುಷ್ಯ ಒಳಗೇ. ಸೆಷನ್ಸ್ ಕೋರ್ಟಿಗೂ ಒಂದು ಕಾಪಿ ಹೋಗಿತ್ತು, ಅವರೂ ವಿಚಾರಿಸ್ಲಿಲ್ಲ. ‘ಓಪನ್ ಆಗ್ತಿಲ್ಲ, ಇನ್ನೊಂದ್ಸಲ ಕಳ್ಸಿ’ ಅಂತ ಒಂದು ಸಾಲು ಟೈಪ್ ಮಾಡೋಕೆ ಯಾರಿಗೂ ಕೈ ಬರ್ಲಿಲ್ಲ. ಆಮೇಲೆ ಹೈಕೋರ್ಟೇ ಒಂದು ಲಕ್ಷ ಪರಿಹಾರ ಕೊಡ್ಸಿತು. ಮೂರು ವರ್ಷಕ್ಕೆ ಒಂದು ಲಕ್ಷ, ದಿನಕ್ಕೆ ನೂರು ರೂಪಾಯಿನೂ ಬೀಳಲ್ಲ.

2021ರಲ್ಲಿ ಆಗ್ರಾ ಜೈಲಲ್ಲೂ ಜಾಮೀನು ಸಿಕ್ಕವರನ್ನ ಆರ್ಡರ್ ಬಂದಿಲ್ಲ ಅಂತ ಕೂರಿಸ್ಕೊಂಡಿದ್ರು, ಆಗ ಚೀಫ್ ಜಸ್ಟಿಸ್ ರಮಣ ಅವರೇ ಪಾರಿವಾಳ ಬರತ್ತೆ ಅಂತ ಆಕಾಶ ನೋಡ್ತಿದೀರಾ ಅನ್ನೋ ಅರ್ಥದಲ್ಲಿ ಬೇಜಾರು ಮಾಡ್ಕೊಂಡಿದ್ರು. ಮರುವರ್ಷ ಅದಕ್ಕೊಂದು ಆನ್‌ಲೈನ್ ವ್ಯವಸ್ಥೆ ಬಂತು, ಹೆಸರು ಫಾಸ್ಟರ್. ನಂಗೇನೋ ಪಾರಿವಾಳನೇ ವಾಸಿ ಅನ್ಸತ್ತೆ. ಕಾಲಿಗೆ ಕಟ್ಟಿದ ಚೀಟಿ ಬಿಚ್ಚೋಕೆ ಪಾಸ್‌ವರ್ಡ್ ಬೇಡ, ಸರ್ವರ್ ಡೌನ್ ಇರಲ್ಲ, ಮೇಲಾಗಿ ಕಾಳು ಹಾಕೋ ತನಕ ಕಿಟಕಿ ಬಿಟ್ಟು ಹೋಗಲ್ಲ.

ಒಬ್ಬ ಕಕ್ಷಿದಾರನಿಗೆ ಮೂರಕ್ಕಿಂತ ಜಾಸ್ತಿ ವಾಯಿದೆ ಕೊಡಬಾರದು ಅಂತ ಸಿವಿಲ್ ಪ್ರೊಸೀಜರ್ ಕೋಡಲ್ಲಿ ಬರೆದಿದೆ ಅನ್ನೋದನ್ನ ಇಲ್ಲಿ ಹೇಳಲ್ಲ, ವಕೀಲರು ನಕ್ಕುಬಿಡ್ತಾರೆ.

ನಗು ಬರದೇ ಇರೋದು ಒಂದಿದೆ. ಜೈಲಲ್ಲಿರೋ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನರು, ಅಪರಾಧ ಸಾಬೀತೇ ಆಗಿಲ್ಲ. ಕೆಲವರಿಗೆ ಜಾಮೀನೂ ಸಿಕ್ಕಿರತ್ತೆ, ಹೊರಗೆ ಬರೋಕೆ ಶ್ಯೂರಿಟಿ ಬೇಕು, ಶ್ಯೂರಿಟಿ ನಿಲ್ಲೋನು ಪಹಣಿ ತರ್ಬೇಕು. ಪಹಣಿ ಇರೋ ನೆಂಟ ಎಲ್ಲಿಂದ ಬರ್ಬೇಕ್ರೀ ಅವನಿಗೆ? ಅವನತ್ರ ಏನೂ ಇಲ್ಲ ಅಂತ ಕೋರ್ಟಿಗೂ ಗೊತ್ತು, ಗೊತ್ತಿರೋದಕ್ಕೇ ತಾನೇ ಅವನಿಗೆ ಸರ್ಕಾರದ ಖರ್ಚಲ್ಲಿ ವಕೀಲರನ್ನ ಕೊಟ್ಟಿರೋದು.